ಸದ್ದಿಗೆ ಬೆನ್ನು ಮಾಡಿದ ಮನೆಗಳು

1970ರ ಜುಲೈ 28, ಮಂಗಳವಾರ. ಲಂಡನ್ನಿನ ಪಶ್ಚಿಮದಲ್ಲಿ ವೆಸ್ಟ್‌ವೇ ಎಂಬ ಹೊಸ ಹೆದ್ದಾರಿಯ ಉದ್ಘಾಟನೆ. ಪ್ಯಾಡಿಂಗ್ಟನ್ ಕಡೆಯಿಂದ ವೈಟ್ ಸಿಟಿಯವರೆಗೆ ಸುಮಾರು ಎರಡೂವರೆ ಮೈಲಿ ಉದ್ದದ ಈ ರಸ್ತೆ ನೆಲ ಬಿಟ್ಟು ಕಾಂಕ್ರೀಟ್ ಕಂಬಗಳ ಮೇಲೆ ಮನೆಗಳ ಮಹಡಿಯ ಎತ್ತರಕ್ಕೆ ಹರಿದಿತ್ತು. ಟೇಪು ಕತ್ತರಿಸಲು ಬಂದವರು ಸಾರಿಗೆ ಇಲಾಖೆಯ ಕಿರಿಯ ಮಂತ್ರಿ ಮೈಕೆಲ್ ಹೆಸೆಲ್ಟೈನ್. ಸಮಾರಂಭಕ್ಕೆ ಕರೆಯದ ಜನರೂ ಅಲ್ಲಿ ಸೇರಿದ್ದರು. ದಾರಿಯಲ್ಲಿ ಆಕ್ಲಮ್ ರಸ್ತೆ ಎಂಬ ಬೀದಿಯಿದೆ. ಅಲ್ಲಿನ ಸಾಲುಮನೆಗಳ ಮೇಲಿನ ಕಿಟಕಿಗಳಿಗೂ ಹೆದ್ದಾರಿಯ ಅಂಚಿಗೂ ನಡುವೆ ಇದ್ದದ್ದು ಕೆಲವೇ ಅಡಿ. ಅಂದು ಆ ಮನೆಗಳ ಎದುರಿಗೆ ಉದ್ದಕ್ಕೆ ಒಂದು ಬ್ಯಾನರ್ ಕಟ್ಟಿದ್ದರು. ಈ ನರಕದಿಂದ ನಮ್ಮನ್ನು ಬಿಡಿಸಿ, ಬೇರೆ ಕಡೆ ಮನೆ ಕೊಡಿ ಎಂಬುದು ಅದರ ಸಾರ.

ಆ ಮನೆಗಳಲ್ಲಿದ್ದವರು ಬಾಡಿಗೆದಾರರು, ಕೂಲಿಕಾರರು, ಕೆರಿಬಿಯನ್ ದ್ವೀಪಗಳಿಂದ ಬಂದು ನೆಲೆಯಾದವರು. ಉತ್ತರ ಕೆನ್ಸಿಂಗ್ಟನ್ ಆಗ ಲಂಡನ್ನಿನ ಬಡ ಕೇರಿಗಳಲ್ಲೊಂದು. ರಸ್ತೆಗೆ ಅಡ್ಡ ಬಂದ ಮನೆಗಳನ್ನು ಕೆಡವಿದ್ದರು. ಅವುಗಳ ಮಾಲೀಕರಿಗೆ ಪರಿಹಾರ ಸಿಕ್ಕಿತ್ತು. ಕೆಡವದೆ ಉಳಿದ ಮನೆಗಳವರಿಗೆ ಏನೂ ಸಿಗಲಿಲ್ಲ. ಅವರ ಒಂದು ಇಟ್ಟಿಗೆಯನ್ನೂ ಸರ್ಕಾರ ಮುಟ್ಟಿರಲಿಲ್ಲ. ಕಾನೂನಿನ ಲೆಕ್ಕದಲ್ಲಿ ಅವರು ಏನನ್ನೂ ಕಳೆದುಕೊಂಡಿರಲಿಲ್ಲ. ಅವರು ಕಳೆದುಕೊಂಡಿದ್ದು ನಿದ್ದೆ, ಮಾತು, ಕಿಟಕಿ ತೆರೆಯುವ ಸ್ವಾತಂತ್ರ್ಯ. ಇವಕ್ಕೆ ಬೆಲೆ ಕಟ್ಟುವ ಕಲಂ ಯಾವ ಕಾಯ್ದೆಯಲ್ಲೂ ಇರಲಿಲ್ಲ.

ಆ ಕಲಂ ಹೇಗೆ ಬಂತು, ಅದು ಬಡವರ ಮನೆಯ ಖರ್ಚನ್ನು ಹೇಗೆ ಬದಲಿಸಿತು, ಅದು ಮುಟ್ಟದೆ ಬಿಟ್ಟ ಜಾಗದಲ್ಲಿ ಏನಾಯಿತು ಎಂಬುದು ಈ ಲೇಖನದ ವಿಷಯ. ನಿಶ್ಶಬ್ದಕ್ಕೆ ಯಾವಾಗಲೂ ಒಂದು ಬೆಲೆಯಿದೆ. ಕಟ್ಟುವಾಗ ಅದನ್ನು ತೆರದಿದ್ದರೆ ಒಳಗೆ ಬಂದು ಬದುಕುವವರು ದಿನವೂ ತೆರುತ್ತಾರೆ. ಹಾಗಾಗಿ ಈ ಚರಿತ್ರೆಯ ಉದ್ದಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಆ ಬಿಲ್ಲು ಯಾರ ಹೆಸರಿಗೆ ಹೋಗಬೇಕು?

ನೂರು ವರ್ಷದ ಹಳೆಯ ತೀರ್ಪು

ಆಕ್ಲಮ್ ರಸ್ತೆಯ ಪಕ್ಕದಲ್ಲೇ ಇನ್ನೊಂದು ಹಳೆಯ ಸದ್ದಿನ ದಾರಿಯಿದೆ. 1864ರಲ್ಲಿ ಶುರುವಾದ ಹ್ಯಾಮರ್‌ಸ್ಮಿತ್ ಅಂಡ್ ಸಿಟಿ ರೈಲುಮಾರ್ಗ ಅದು. ವೆಸ್ಟ್‌ವೇ ಈ ಭಾಗದಲ್ಲಿ ಅದೇ ಹಳಿಯ ಜಾಡನ್ನು ಹಿಡಿದು ಸಾಗುತ್ತದೆ. ರೈಲು ಬಂದ ಹೊಸದರಲ್ಲಿ ಮಾರ್ಗದ ಪಕ್ಕದ ಒಂದು ಮನೆಯವರು ಕೋರ್ಟಿಗೆ ಹೋದರು. ರೈಲು ಓಡುವಾಗ ಮನೆ ನಡುಗುತ್ತದೆ, ಮನೆಯ ಬೆಲೆ ಇಳಿದಿದೆ ಎಂಬುದು ಅವರ ದೂರು. ಪ್ರಕರಣ ಆಗಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 1869ರಲ್ಲಿ ತೀರ್ಪು ಬಂತು. ರೈಲು ಓಡಿಸಲು ಪಾರ್ಲಿಮೆಂಟೇ ಅನುಮತಿ ಕೊಟ್ಟಿದೆ. ಓಡುವ ರೈಲು ನಡುಗಿಸದೆ ಇರಲಾರದು. ಜಮೀನು ಕಳೆದುಕೊಳ್ಳದ ನೆರೆಯವರಿಗೆ ಪರಿಹಾರವಿಲ್ಲ. ಸಾರ್ವಜನಿಕ ಕೆಲಸದ ಸದ್ದನ್ನು ಪಕ್ಕದ ಮನೆಯವರು ಸುಮ್ಮನೆ ನುಂಗಬೇಕು ಎಂಬ ಈ ನಿಯಮ ನೂರು ವರ್ಷ ಕದಲಲಿಲ್ಲ. 1970ರಲ್ಲಿ ಆಕ್ಲಮ್ ರಸ್ತೆಯ ಜನರ ಕೈ ಕಟ್ಟಿದ್ದು ಅದೇ ಹಳಿಯ ಪಕ್ಕ ಹುಟ್ಟಿದ ಅದೇ ತತ್ವ.

ಈ ನೂರು ವರ್ಷಗಳಲ್ಲಿ ಸದ್ದಿನ ಬಗ್ಗೆ ತಿಳಿವಳಿಕೆ ಮಾತ್ರ ಬಹಳ ಬೆಳೆದಿತ್ತು. ಯುದ್ಧದ ನಂತರ ಬ್ರಿಟನ್ನಿನಲ್ಲಿ ಲಕ್ಷಗಟ್ಟಲೆ ಕೌನ್ಸಿಲ್ ಮನೆಗಳು ಎದ್ದವು. ಕೌನ್ಸಿಲ್ ಅಂದರೆ ನಮ್ಮ ಪಾಲಿಕೆಯ ಹಾಗೆ. ಅದೇ ಕಟ್ಟಿಸಿ ಅದೇ ಬಾಡಿಗೆಗೆ ಕೊಡುವ ಮನೆ. ಕಾಂಕ್ರೀಟ್ ಮಹಡಿಯ ಹೊಸ ಫ್ಲಾಟುಗಳಲ್ಲಿ ಮೇಲಿನವರ ಹೆಜ್ಜೆ ಸಪ್ಪಳ ಕೆಳಗಿನವರ ತಲೆಯ ಮೇಲೇ ಬೀಳುತ್ತಿತ್ತು. ಕಟ್ಟಡ ಸಂಶೋಧನಾ ಕೇಂದ್ರದವರು 1950ರ ದಶಕದಲ್ಲಿ ಇಂಥ ಫ್ಲಾಟುಗಳಿಗೆ ಹೋಗಿ ಸದ್ದು ಅಳೆದರು, ಬಾಡಿಗೆದಾರರನ್ನು ಮಾತಾಡಿಸಿದರು, ಎಷ್ಟರಮಟ್ಟಿನ ಗೋಡೆ ಮತ್ತು ನೆಲ ಸಾಕು ಎಂದು ದರ್ಜೆಗಳನ್ನು ಗೊತ್ತು ಮಾಡಿದರು. 1965ರ ರಾಷ್ಟ್ರೀಯ ಕಟ್ಟಡ ನಿಯಮಗಳಲ್ಲಿ ಮನೆ ಮನೆಯ ನಡುವಿನ ಗೋಡೆಗೆ ಸದ್ದು ತಡೆಯುವ ಷರತ್ತು ಸೇರಿತು. ಎರಡೂ ಕಡೆ ಗಾರೆ ಮಾಡಿದ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಇದ್ದರೆ ಷರತ್ತು ಪೂರೈಸಿದಂತೆ.

ಈ ಒಂಬತ್ತು ಅಂಗುಲದಲ್ಲಿ ಸಮಸ್ಯೆಯ ತಿರುಳಿದೆ. ಗಾಳಿಯಲ್ಲಿ ಬರುವ ಸದ್ದನ್ನು ತಡೆಯುವುದು ಮುಖ್ಯವಾಗಿ ಗೋಡೆಯ ತೂಕ. ತೂಕ ಎರಡರಷ್ಟಾದರೆ ಸಿಗುವ ಲಾಭ ಐದಾರು ಡೆಸಿಬಲ್ ಮಾತ್ರ. ಸದ್ದು ಅರ್ಧಕ್ಕೆ ಇಳಿದಂತೆ ನಮ್ಮ ಕಿವಿಗೆ ಅನ್ನಿಸಬೇಕಾದರೆ ಹತ್ತು ಡೆಸಿಬಲ್ ಇಳಿಯಬೇಕು. ಅಂದರೆ ಇಟ್ಟಿಗೆ ಹೆಚ್ಚಿದಷ್ಟು ಸುಖ ಹೆಚ್ಚುವುದಿಲ್ಲ. ಗೋಡೆ ದಪ್ಪವಾದರೆ ಕೋಣೆ ಕಿರಿದಾಗುತ್ತದೆ, ತಳಪಾಯ ಬಲವಾಗಬೇಕಾಗುತ್ತದೆ. ಹೆಜ್ಜೆ ಸಪ್ಪಳಕ್ಕೆ ತೂಕವೂ ಸಾಲದು. ಮೇಲಿನ ನೆಲಕ್ಕೂ ಅಡಿಯ ಕಾಂಕ್ರೀಟಿಗೂ ನಡುವೆ ಮೆತ್ತನೆಯ ಪದರ ಹಾಕಬೇಕು. ಬೀದಿಯ ಸದ್ದಿಗಾದರೆ ಕಿಟಕಿಯೇ ದುರ್ಬಲ ಜಾಗ. ಎಂಥ ಗೋಡೆ ಕಟ್ಟಿದರೂ ಕಿಟಕಿ ತೆರೆದ ಗಳಿಗೆಯಲ್ಲಿ ಖರ್ಚೆಲ್ಲ ನೀರುಪಾಲು. ಸಾವಿರಾರು ಮನೆಗಳ ಗುತ್ತಿಗೆಯಲ್ಲಿ ಇಂಥ ಒಂದೊಂದು ಅಂಗುಲವೂ ದೊಡ್ಡ ಮೊತ್ತ. ಹಣ ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಇಂಥದ್ದಕ್ಕೇ.

ಸರ್ ಅಲನ್ ವಿಲ್ಸನ್ ಅಧ್ಯಕ್ಷತೆಯ ಸಮಿತಿ 1963ರಲ್ಲಿ ಸದ್ದಿನ ಸಮಸ್ಯೆಯ ಬಗ್ಗೆ ವರದಿ ಕೊಟ್ಟಿತು. ಅದರ ಮುಂದಿದ್ದ ಲಂಡನ್ ಸಮೀಕ್ಷೆಯ ಪ್ರಕಾರ ಅಳತೆ ಮಾಡಿದ ಜಾಗಗಳಲ್ಲಿ ನೂರಕ್ಕೆ 84ರಲ್ಲಿ ವಾಹನಗಳ ಸದ್ದೇ ಮೇಲುಗೈ. ಹೀತ್ರೂ ವಿಮಾನ ನಿಲ್ದಾಣದ ಸುತ್ತಲಿನ ಮನೆಗಳ ಕೋಣೆಗಳಿಗೆ ಸದ್ದು ತಡೆಯುವ ಕಿಟಕಿ ಹಾಕಿಸಿಕೊಡಬೇಕು ಎಂದೂ ಸಮಿತಿ ಹೇಳಿತು. ಆ ದಶಕದ ನಡುವಿನಲ್ಲಿ ಯೋಜನೆಯೊಂದು ಬಂತು, ಆದರೆ ಅದು ಕೊಡುತ್ತಿದ್ದದ್ದು ಖರ್ಚಿನ ಒಂದು ಪಾಲು ಮಾತ್ರ. ಉಳಿದದ್ದನ್ನು ಮನೆಯವರೇ ಹಾಕಬೇಕು. ಹಾಕಲು ಗತಿಯಿಲ್ಲದವರ ತಲೆಯ ಮೇಲೆ ವಿಮಾನ ಹಾಗೇ ಹಾರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯಂತೆ, ಸದ್ದು ಮಾಡಿದವರು ಒಬ್ಬರು, ಸುಟ್ಟುಕೊಂಡವರು ಇನ್ನೊಬ್ಬರು.

ಬಿಲ್ಲು ರಸ್ತೆಯ ಹೆಸರಿಗೆ

ವೆಸ್ಟ್‌ವೇ ಉದ್ಘಾಟನೆಯ ದಿನದ ಆ ಬ್ಯಾನರ್ ಪತ್ರಿಕೆಗಳಲ್ಲಿ ಬಂತು. ಲಂಡನ್ನಿನ ಸುತ್ತ ಉಂಗುರದಂತೆ ಇನ್ನೂ ಹಲವು ಹೆದ್ದಾರಿ ಕಟ್ಟುವ ರಿಂಗ್‌ವೇ ಯೋಜನೆ ಆಗ ನಕ್ಷೆಯ ಮೇಲಿತ್ತು. ಇಂಥದ್ದು ನಮ್ಮ ಬೀದಿಗೂ ಬರುತ್ತದೆ ಎಂದು ಊರಿಗೆ ಊರೇ ಗಾಬರಿಯಾಯಿತು. ಆಕ್ಲಮ್ ರಸ್ತೆಯ ಆ ಮನೆಗಳ ಜನರಿಗೆ ಕೊನೆಗೆ ಬೇರೆಡೆ ಮನೆ ಕೊಡಲು ಆಡಳಿತ ಒಪ್ಪಿತು. 1972ರ ಅಕ್ಟೋಬರಿನಲ್ಲಿ ಸರ್ಕಾರ ಶ್ವೇತಪತ್ರ ಹೊರಡಿಸಿತು. ಅಭಿವೃದ್ಧಿಗಿಂತ ಜನ ಮೊದಲು ಎಂಬ ಭಾವ ಅದರ ತಲೆಬರಹದಲ್ಲೇ ಇತ್ತು. ಮರುವರ್ಷ, 1973ರಲ್ಲಿ, ಲ್ಯಾಂಡ್ ಕಾಂಪೆನ್ಸೇಷನ್ ಆ್ಯಕ್ಟ್ ಪಾಸಾಯಿತು.

ಇಷ್ಟಗಲದ ಜಮೀನನ್ನೂ ಕಳೆದುಕೊಳ್ಳದ ನೆರೆಯವರು ಇನ್ನು ಸದ್ದು, ನಡುಕ, ಹೊಗೆ, ವಾಸನೆ, ದೀಪದ ಬೆಳಕು ಇಂಥವುಗಳಿಂದ ಮನೆಯ ಬೆಲೆ ಇಳಿದರೆ ಪರಿಹಾರ ಕೇಳಬಹುದಾಗಿತ್ತು. 1869ರ ತೀರ್ಪಿನ ಹಿಡಿತ ಇಲ್ಲಿಗೆ ಸಡಿಲವಾಯಿತು. ಈ ಕಾಯ್ದೆಯ ಅಡಿ ಬಂದ ನಿಯಮಗಳು 1975ರಲ್ಲಿ ನೆಲೆಗೊಂಡವು. ಹೊಸ ರಸ್ತೆಯಿಂದ ಮನೆಯ ಮುಂಭಾಗದಲ್ಲಿ ಸದ್ದು 68 ಡೆಸಿಬಲ್ ಮುಟ್ಟಿದರೆ ಆ ಮನೆಗೆ ಸದ್ದು ತಡೆಯುವ ಏರ್ಪಾಟನ್ನು ರಸ್ತೆ ಕಟ್ಟಿದ ಇಲಾಖೆಯೇ ಮಾಡಿಸಿಕೊಡಬೇಕು. ಅಳತೆಯ ಅವಧಿ ಬೆಳಗಿನ ಆರರಿಂದ ನಡುರಾತ್ರಿಯವರೆಗೆ, ಹದಿನೆಂಟು ಗಂಟೆ. 1972ರ ಅಕ್ಟೋಬರ್ 16ರ ನಂತರ ತೆರೆದ ರಸ್ತೆಗಳಿಗೆ ಇದು ಕಡ್ಡಾಯ. ಅದಕ್ಕೂ ಮೂರು ವರ್ಷ ಹಿಂದಿನಿಂದ ತೆರೆದವುಗಳಿಗೆ ಇಲಾಖೆಯ ವಿವೇಚನೆಗೆ ಬಿಟ್ಟದ್ದು. ವೆಸ್ಟ್‌ವೇ ಬಿದ್ದದ್ದು ಈ ಎರಡನೆಯ ಗುಂಪಿಗೆ.

ಆ ಏರ್ಪಾಟು ಹೇಗಿತ್ತೆಂದರೆ, ಹಳೆಯ ಕಿಟಕಿಯ ಒಳಗಡೆ ಒಂದು ಗೇಣಿನಷ್ಟು ಜಾಗ ಬಿಟ್ಟು ಎರಡನೆಯ ಗಾಜಿನ ಕಿಟಕಿ ಕೂರಿಸುತ್ತಿದ್ದರು. ಎರಡು ಗಾಜಿನ ನಡುವಿನ ಆ ಗಾಳಿಯೇ ಸದ್ದನ್ನು ಕುಗ್ಗಿಸುವುದು. ಕಿಟಕಿ ಸದಾ ಮುಚ್ಚಿರಬೇಕಾದ್ದರಿಂದ ಗೋಡೆಯಲ್ಲಿ ತೂತು ಕೊರೆದು, ಸದ್ದು ನುಂಗುವ ಪೆಟ್ಟಿಗೆಯೊಳಗೆ ಫ್ಯಾನು ಇಟ್ಟು, ಹೊರಗಿನ ಗಾಳಿ ಎಳೆದುಕೊಳ್ಳುವ ವ್ಯವಸ್ಥೆ ಮಾಡುತ್ತಿದ್ದರು. ಬೇಸಿಗೆಯ ಬಿಸಿಲಿಗೆ ಕೋಣೆ ಕಾಯಬಾರದೆಂದು ಗಾಜಿನ ನಡುವೆ ಪಟ್ಟಿ ಪರದೆ. ಮಲಗುವ ಕೋಣೆಗೂ ಕೂರುವ ಕೋಣೆಗೂ ಇದು ಸಿಗುತ್ತಿತ್ತು, ಅಡುಗೆಮನೆಗಿರಲಿಲ್ಲ. ಪೂರ್ಣ ಪರಿಹಾರ ಇದಲ್ಲ. ಕಿಟಕಿಯಾಚೆಯ ಅಂಗಳ, ಮಕ್ಕಳು ಆಡುವ ಬೀದಿ ಮೊದಲಿನಂತೆಯೇ ಗದ್ದಲದಲ್ಲಿ ಉಳಿದವು. ಆದರೂ ಈ ನಿಯಮವನ್ನು ನಾನು ದೊಡ್ಡ ಹೆಜ್ಜೆ ಎಂದೇ ಎಣಿಸುತ್ತೇನೆ. ಎರಡನೆಯ ಗಾಜಿನ ಖರ್ಚು ಮನೆಯ ಲೆಕ್ಕದಿಂದ ಹೊರಟು ರಸ್ತೆಯ ಲೆಕ್ಕಕ್ಕೆ ಸೇರಿತು. ಹೆದ್ದಾರಿಗೆ ಎಷ್ಟು ಖರ್ಚಾಗುತ್ತದೆ ಎಂದು ಅಂದಾಜು ಮಾಡುವ ಎಂಜಿನಿಯರು ಪಕ್ಕದ ಮನೆಯ ನಿದ್ದೆಯನ್ನೂ ಆ ಅಂದಾಜಿನಲ್ಲಿ ಸೇರಿಸಬೇಕಾಯಿತು.

ಗೋಡೆಯೇ ಮನೆಯಾದಾಗ

ಕಾಯ್ದೆಯಲ್ಲಿ ಒಂದು ದೊಡ್ಡ ಸಂದು ಉಳಿದಿತ್ತು. ರಸ್ತೆ ಆಮೇಲೆ ಬಂದರೆ ರಸ್ತೆ ಕೊಡಬೇಕು, ಸರಿ. ಮನೆಯೇ ಆಮೇಲೆ ಬಂದರೆ? ಹಳೆಯ ರೈಲುಹಳಿಯ ಪಕ್ಕ, ಓಡುವ ಹೆದ್ದಾರಿಯ ಪಕ್ಕ ಹೊಸದಾಗಿ ಕಟ್ಟುವ ಮನೆಗೆ ಯಾವ ಇಲಾಖೆಯೂ ಗಾಜು ಹಾಕಿಸಿಕೊಡುತ್ತಿರಲಿಲ್ಲ. ಕೌನ್ಸಿಲ್‌ಗಳ ಕೈಗೆ ಸಿಗುತ್ತಿದ್ದದ್ದು ಬಹುಪಾಲು ಅಂಥ ಜಾಗಗಳೇ. ಬೇರೆಯವರಿಗೆ ಬೇಡವಾದ, ಅಗ್ಗದ ಜಾಗಗಳು. 1973ರ ಸರ್ಕಾರಿ ಸುತ್ತೋಲೆ 70 ಡೆಸಿಬಲ್ಲಿಗಿಂತ ಹೆಚ್ಚು ಸದ್ದಿರುವಲ್ಲಿ ಹೊಸ ಮನೆ ಕಟ್ಟಬೇಡಿ ಎಂದಿತು. ಮನೆಗಾಗಿ ಕಾದವರ ಪಟ್ಟಿ ಮಾತ್ರ ಉದ್ದವಾಗಿತ್ತು. ಮೇಲಿಂದ ಹಣದ ಹಗ್ಗ: 1967ರಿಂದ ಪ್ರತಿ ಕೌನ್ಸಿಲ್ ಮನೆಗೂ ಕೇಂದ್ರ ಸರ್ಕಾರ ಖರ್ಚಿನ ಅಳತೆಗೋಲು ಗೊತ್ತು ಮಾಡಿತ್ತು. ಆ ಮಿತಿಯೊಳಗಿದ್ದರೆ ಸಹಾಯಧನ. ಇನ್ನೊಂದು ಕಡೆ 1961ರ ಪಾರ್ಕರ್ ಮಾರಿಸ್ ವರದಿಯ ಮಾನದಂಡ ಕೋಣೆಗಳು ಇಷ್ಟು ವಿಶಾಲವಿರಬೇಕು, ಮನೆ ಬೆಚ್ಚಗಿರಬೇಕು ಎನ್ನುತ್ತಿತ್ತು. 1969ರ ಹೊತ್ತಿಗೆ ಅದೂ ಕೌನ್ಸಿಲ್ ಮನೆಗಳಿಗೆ ಕಡ್ಡಾಯ. ಹಾಸಿಗೆ ಇಷ್ಟೇ, ಕಾಲು ಇಷ್ಟುದ್ದ ಚಾಚಲೇಬೇಕು ಎಂಬ ಪರಿಸ್ಥಿತಿ.

ಈ ಇಕ್ಕಟ್ಟಿನಲ್ಲಿ ಕೆಲವು ವಾಸ್ತುಶಿಲ್ಪಿಗಳು ಒಂದು ಉಪಾಯ ಕಂಡರು. ಸದ್ದು ತಡೆಯಲು ಬೇರೆ ಗೋಡೆ ಯಾಕೆ? ಕಟ್ಟಡವನ್ನೇ ಗೋಡೆ ಮಾಡೋಣ. ಮನೆಗಳು ಸದ್ದಿಗೆ ಬೆನ್ನು ಮಾಡಿ ನಿಲ್ಲಲಿ, ಮುಖ ಇನ್ನೊಂದು ಕಡೆಗಿರಲಿ.

ಇಂಗ್ಲೆಂಡಿನ ಉತ್ತರದ ನ್ಯೂಕ್ಯಾಸಲ್‌ನಲ್ಲಿ ಬೈಕರ್ ಎಂಬ ಹಳೆಯ ಕಾರ್ಮಿಕರ ಬಡಾವಣೆಯನ್ನು ಹೊಸದಾಗಿ ಕಟ್ಟುವ ಕೆಲಸ ರಾಲ್ಫ್ ಅರ್ಸ್ಕಿನ್‌ಗೆ ಬಂತು. ಅವರು ಹುಟ್ಟಿದ್ದು ಬ್ರಿಟನ್ನಿನಲ್ಲಿ, ನೆಲೆಸಿದ್ದು ಸ್ವೀಡನ್ನಿನಲ್ಲಿ. ಬಡಾವಣೆಯ ಉತ್ತರಕ್ಕೆ ಹೆದ್ದಾರಿ ಬರಲಿದೆ ಎಂದು ನಕ್ಷೆ ಹೇಳುತ್ತಿತ್ತು. ಅರ್ಸ್ಕಿನ್ ಆ ಅಂಚಿಗೆ ಒಂದು ಮೈಲಿಗೂ ಮೀರಿದ ಉದ್ದದ, ಬಳುಕುತ್ತಾ ಸಾಗುವ ಒಂದೇ ಕಟ್ಟಡದ ಸಾಲನ್ನು ಎಬ್ಬಿಸಿದರು. ಅದೇ ಬೈಕರ್ ವಾಲ್. ಉತ್ತರದ ಮುಖದಲ್ಲಿ ಬಣ್ಣದ ಇಟ್ಟಿಗೆಯ ಎತ್ತರದ ಗೋಡೆ, ಅಲ್ಲಲ್ಲಿ ಪುಟ್ಟ ಕಿಟಕಿಗಳು. ಅವು ಅಡುಗೆಮನೆ, ಬಚ್ಚಲುಮನೆಯವು. ದಕ್ಷಿಣದ ಕಡೆಗೆ ಬಂದರೆ ಅದೇ ಕಟ್ಟಡ ಬೇರೆಯೇ ಆಗಿ ಕಾಣುತ್ತದೆ: ಬಣ್ಣ ಬಳಿದ ಮರದ ಬಾಲ್ಕನಿಗಳು, ಹೂಕುಂಡಗಳು, ಬಿಸಿಲು. ಗೋಡೆಯ ಮರೆಯಲ್ಲಿ ತಗ್ಗು ಮನೆಗಳ ಓಣಿಗಳು. ಅರ್ಸ್ಕಿನ್ ತಂಡ ತಮ್ಮ ಕಚೇರಿಯನ್ನು ಬಡಾವಣೆಯೊಳಗೇ, ಹಿಂದೆ ಶವಸಂಸ್ಕಾರದ ಅಂಗಡಿಯಾಗಿದ್ದ ಕಟ್ಟಡದಲ್ಲಿ ತೆರೆದಿತ್ತು. ಜನ ಒಳಗೆ ಬಂದು ತಮ್ಮ ಮನೆ ಹೇಗಿರಬೇಕೆಂದು ಹೇಳುತ್ತಿದ್ದರು. ಅಂದುಕೊಂಡ ರೂಪದಲ್ಲಿ ಆ ಹೆದ್ದಾರಿ ಬರಲೇ ಇಲ್ಲ. ಹಳೆಯ ನಿವಾಸಿಗಳಲ್ಲಿ ಬಹುಪಾಲು ಜನ ಹೊಸ ಬೈಕರ್‌ಗೆ ಮರಳಲೂ ಇಲ್ಲ. ಕೆಡವಿ ಕಟ್ಟುವ ವರ್ಷಗಳಲ್ಲಿ ಅವರು ಚದುರಿ ಹೋಗಿದ್ದರು.

ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲೂ ಇದೇ ಕಥೆ, ಇನ್ನಷ್ಟು ನೋವಿನದು. ರಿಂಗ್‌ವೇ ಹೆದ್ದಾರಿ ತಲೆಯ ಮಟ್ಟದಲ್ಲಿ ಹಾದುಹೋಗುತ್ತದೆಂದು ಮ್ಯಾಗ್ಡಾ ಬೊರೊವಿಯೆಕಾ ವಿನ್ಯಾಸ ಮಾಡಿದ ಸೌತ್‌ವಿಕ್ ಹೌಸ್, ಬೀದಿಯ ಕಡೆಗೆ ಚಿಕ್ಕ ಚಿಕ್ಕ ಕಿಟಕಿಗಳ ಎತ್ತರದ ಗೋಡೆಯಾಗಿ ನಿಂತಿತು. ಜನ ಅದನ್ನು ಬ್ಯಾರಿಯರ್ ಬ್ಲಾಕ್ ಎಂದೇ ಕರೆದರು. 1973ರಲ್ಲಿ ಲಂಡನ್ ಆಡಳಿತ ಬದಲಾಗಿ ರಿಂಗ್‌ವೇ ಯೋಜನೆ ಕೈಬಿಟ್ಟಿತು. ಕಟ್ಟಡ ಮಾತ್ರ 1981ರ ಹೊತ್ತಿಗೆ ಪೂರ್ತಿಯಾಯಿತು. ಇಲ್ಲದ ಹೆದ್ದಾರಿಗಾಗಿ ಬೆಳಕು ಬಿಟ್ಟುಕೊಟ್ಟ ಮನೆಗಳು ಅವು. ಅದನ್ನು ಕಂಡ ಹೊರಗಿನವರು ಜೈಲೆಂದು ತಿಳಿಯುತ್ತಿದ್ದರು.

ಲಂಡನ್ನಿನದೇ ಪಾಪ್ಲರ್‌ನ ರಾಬಿನ್ ಹುಡ್ ಗಾರ್ಡನ್ಸ್‌ನಲ್ಲಿ ಸದ್ದು ನಿಜವಾಗಿಯೂ ಇತ್ತು: ಬ್ಲ್ಯಾಕ್‌ವಾಲ್ ಸುರಂಗಕ್ಕೆ ಹೋಗುವ ರಸ್ತೆ. ಅಲಿಸನ್ ಮತ್ತು ಪೀಟರ್ ಸ್ಮಿತ್ಸನ್ ದಂಪತಿ 1972ರಲ್ಲಿ ಮುಗಿಸಿದ ಈ ಬಡಾವಣೆಯ ಸುತ್ತ ಹತ್ತಡಿ ಎತ್ತರದ, ಹೊರಕ್ಕೆ ವಾಲಿದ ಕಾಂಕ್ರೀಟ್ ತಡೆಗೋಡೆ. ಎರಡು ಉದ್ದನೆಯ ಕಟ್ಟಡಗಳ ನಡುವೆ ಹುಲ್ಲಿನ ದಿಬ್ಬ. ಮಲಗುವ ಕೋಣೆಗಳು ದಿಬ್ಬದ ಕಡೆಗೆ. ಒಳಗಿನ ಶಾಂತಿಯನ್ನು ಮೆಚ್ಚಿದವರಿದ್ದರು. ಹೊರಗಿನ ಗೋಡೆಯಿಂದಾಗಿ ಊರಿನಿಂದ ಕಡಿದುಹೋದೆವು ಎಂದವರೂ ಇದ್ದರು. 2017ರಲ್ಲಿ ಅದನ್ನು ಕೆಡವಲು ಶುರುಮಾಡಿದರು.

ರಬ್ಬರಿನ ಮೇಲೆ ಎಂಟು ಅಂತಸ್ತು

ಇವೆಲ್ಲಕ್ಕಿಂತ ಹೆಚ್ಚಿನ ಬೆಲೆ ತೆತ್ತದ್ದು ಅಲೆಕ್ಸಾಂಡ್ರಾ ರಸ್ತೆ ಬಡಾವಣೆ. ಉತ್ತರ ಲಂಡನ್ನಿನ ಕ್ಯಾಮ್ಡೆನ್ ಕೌನ್ಸಿಲ್‌ನಲ್ಲಿ ಸಿಡ್ನಿ ಕುಕ್ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಕಾಲ. ಅವರ ಕೈಕೆಳಗಿನ ನೀವ್ ಬ್ರೌನ್ ಎಂಬ ತರುಣನಿಗೆ 1960ರ ದಶಕದ ಕೊನೆಯಲ್ಲಿ ಈ ಜಾಗ ಸಿಕ್ಕಿತು. ಯೂಸ್ಟನ್ ನಿಲ್ದಾಣದಿಂದ ಹೊರಟು ಉತ್ತರಕ್ಕೆ ಹೋಗುವ ಮುಖ್ಯ ರೈಲುಮಾರ್ಗ ಅದರ ಒಂದು ಬದಿಗೇ ಅಂಟಿಕೊಂಡಿದೆ. ಹಗಲು ರಾತ್ರಿ ಎಕ್ಸ್‌ಪ್ರೆಸ್ ರೈಲುಗಳು.

ಆ ಕಾಲದ ಸುಲಭದ ಉತ್ತರ ಗೋಪುರದಂಥ ಕಟ್ಟಡ. ಬ್ರೌನ್‌ಗೆ ಅದು ಬೇಡವಾಗಿತ್ತು. ಪ್ರತಿ ಮನೆಗೂ ಬೀದಿಗೆ ತೆರೆಯುವ ತನ್ನದೇ ಬಾಗಿಲಿರಬೇಕು, ಆಕಾಶ ಕಾಣುವ ಜಗಲಿಯಿರಬೇಕು ಎಂಬುದು ಅವರ ಹಟ. ಹಳಿಯ ಉದ್ದಕ್ಕೂ ಎಂಟು ಅಂತಸ್ತಿನ ಒಂದೇ ಸಾಲು ಎಳೆದರು. ರೈಲಿನ ಕಡೆಗೆ ಅದು ಕ್ರೀಡಾಂಗಣದ ಹಿಂಬದಿಯಂತೆ ಮೇಲೆ ಹೋದ ಹಾಗೆ ಹೊರಕ್ಕೆ ಚಾಚಿ ಸದ್ದನ್ನು ತಡೆದು ನಿಲ್ಲುತ್ತದೆ. ಒಳಗಡೆಗೆ ಅದೇ ಕಟ್ಟಡ ಪುಷ್ಕರಣಿಯ ಮೆಟ್ಟಿಲಿನಂತೆ ಹಂತ ಹಂತವಾಗಿ ಇಳಿಯುತ್ತದೆ. ಪ್ರತಿ ಮೆಟ್ಟಿಲೂ ಒಂದು ಮನೆಯ ಜಗಲಿ. ಎದುರಿಗೆ ನಾಲ್ಕು ಅಂತಸ್ತಿನ ತಗ್ಗು ಸಾಲು. ನಡುವೆ ರೌಲಿ ವೇ ಎಂಬ, ವಾಹನವಿಲ್ಲದ, ಇಟ್ಟಿಗೆ ಹಾಸಿನ ಬೀದಿ. ಅದರಾಚೆ ಉದ್ಯಾನ. ಒಟ್ಟು 520 ಮನೆಗಳು.

ಗಾಳಿಯಲ್ಲಿ ಬರುವ ಸದ್ದಿಗೆ ಕಾಂಕ್ರೀಟಿನ ಬೆನ್ನು ಸಾಕು. ನೆಲದೊಳಗಿಂದ ಬರುವ ನಡುಕಕ್ಕೆ? ಭಾರಿ ರೈಲು ಹಾದುಹೋದಾಗ ಅದರ ಅದುರು ಮಣ್ಣಿನ ಮೂಲಕ ತಳಪಾಯಕ್ಕೆ, ತಳಪಾಯದಿಂದ ಗೋಡೆಗೆ ಏರಿ, ಗೋಡೆಯೇ ಒಂದು ದೊಡ್ಡ ತಮಟೆಯಂತೆ ಕೋಣೆಯೊಳಗೆ ಗುಂಯ್‌ಗುಡುತ್ತದೆ. ಅದಕ್ಕಾಗಿ ಹಳಿ ಪಕ್ಕದ ಸಾಲನ್ನು ತಳಪಾಯದ ಮೇಲೆ ನೇರವಾಗಿ ಕೂರಿಸದೆ, ನಡುವೆ ರಬ್ಬರಿನ ದಿಂಬುಗಳನ್ನಿಟ್ಟರು. ಎಂಟು ಅಂತಸ್ತಿನ ಕಾಂಕ್ರೀಟಿನ ಭಾರವೆಲ್ಲ ಆ ರಬ್ಬರಿನ ಮೇಲೆ ನಿಂತಿದೆ. ರೈಲು ಬಂದಾಗ ನೆಲ ನಡುಗುತ್ತದೆ, ನಡುಕ ರಬ್ಬರಿನಲ್ಲಿ ಸಾಯುತ್ತದೆ, ಮೇಲೆ ತೊಟ್ಟಿಲಲ್ಲಿ ಮಗು ಮಲಗಿರುತ್ತದೆ. ಶ್ರೀಮಂತರ ಸಂಗೀತ ಸಭಾಂಗಣಗಳಿಗೆ ಸಲ್ಲುವಂಥ ಆರೈಕೆ ಇಲ್ಲಿ ಕೌನ್ಸಿಲ್ ಬಾಡಿಗೆ ಮನೆಗೆ ಸಂದಿತ್ತು.

1972ರಲ್ಲಿ ಕೆಲಸ ಶುರುವಾದಾಗ ಗುತ್ತಿಗೆಯ ಮೊತ್ತ 71.5 ಲಕ್ಷ ಪೌಂಡ್. ಮುಗಿಯುವ ಹೊತ್ತಿಗೆ, 1978ರಲ್ಲಿ, ಅದು ಎರಡು ಕೋಟಿ ಪೌಂಡಿನ ಹತ್ತಿರ ಹೋಗಿತ್ತು. ತಳಪಾಯದ ಕೆಲಸದಲ್ಲಿ ಎಣಿಸದ ತೊಡಕುಗಳು ಬಂದವು. ಅಚ್ಚು ಕಟ್ಟಿ ಅಲ್ಲೇ ಎರಕ ಹೊಯ್ಯುವ ಕಾಂಕ್ರೀಟು ನಿಧಾನದ ಕಸುಬು. ಇವೆಲ್ಲದರ ಮೇಲೆ ಬೆಲೆಯೇರಿಕೆ: 1975ರಲ್ಲಿ ಬ್ರಿಟನ್ನಿನ ಹಣದುಬ್ಬರ ನೂರಕ್ಕೆ 24 ಮುಟ್ಟಿತ್ತು. ಒಂದು ವರ್ಷ ತಡವಾದರೆ ಅದೇ ಗೋಡೆಯ ಬೆಲೆ ಕಾಲು ಪಾಲು ಏರಿದಂತೆ.

ಕೌನ್ಸಿಲ್ 1978ರಲ್ಲಿ ತನಿಖೆಗೆ ಆದೇಶಿಸಿತು. ವರ್ಷಗಟ್ಟಲೆ ಎಳೆದ ಆ ತನಿಖೆ ಕೊನೆಗೆ ಬ್ರೌನ್ ಮೇಲೆ ತಪ್ಪು ಹೊರಿಸಲಿಲ್ಲ. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿತ್ತು. ಬ್ರಿಟನ್ನಿನಲ್ಲಿ ಅವರಿಗೆ ಮತ್ತೆ ವಸತಿ ಕಟ್ಟುವ ಕೆಲಸ ಸಿಗಲಿಲ್ಲ. ಮುಂದೆ ಕಟ್ಟಿದ್ದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ. 1980ರಲ್ಲಿ ಸರ್ಕಾರ ಪಾರ್ಕರ್ ಮಾರಿಸ್ ಮಾನದಂಡವನ್ನು ಕೈಬಿಟ್ಟಿತು, ಕೌನ್ಸಿಲ್‌ಗಳು ಹೊಸ ಮನೆ ಕಟ್ಟುವುದು ದಶಕದುದ್ದಕ್ಕೂ ಕುಗ್ಗುತ್ತಾ ಹೋಯಿತು. ಬಡವರಿಗಾಗಿ ಚೆನ್ನಾಗಿ ಕಟ್ಟಲು ಹೋದರೆ ಹೀಗೇ ದಿವಾಳಿ ಎಂದು ಬೆರಳು ತೋರಿಸಲು ಅಲೆಕ್ಸಾಂಡ್ರಾ ರಸ್ತೆ ಒಂದು ಉದಾಹರಣೆಯಾಯಿತು. ಬೆಲೆಯೇರಿಕೆಯ ಪಾಪವೂ ಅಡಿಪಾಯದ ಪಾಪವೂ ಒಳ್ಳೆಯ ಮನೆಯ ತಲೆಗೆ ಬಿತ್ತು. ರೈಲು ಇಲಾಖೆಯಿಂದ ಆ ರಬ್ಬರಿಗೆ ಒಂದು ಪೌಂಡನ್ನೂ ಕೇಳುವ ದಾರಿ ಕಾನೂನಿನಲ್ಲಿರಲಿಲ್ಲ. ಅಲ್ಲಿ ಹಳಿ ಮೊದಲು ಬಂದದ್ದು, ಮನೆ ಆಮೇಲೆ.

ಗೋಡೆಗೂ ಕಿವಿಯಿದ್ದ ಮನೆ

ಹೊರಗಿನ ಸದ್ದಿನದು ಹೀಗಾದರೆ ಒಳಗಿನದು ಇನ್ನೊಂದು ಬಗೆ. ದಕ್ಷಿಣ ಲಂಡನ್ನಿನ ಕೇಸ್‌ವಿಕ್ ರಸ್ತೆಯಲ್ಲಿ ಮೊದಲ ಮಹಾಯುದ್ಧ ಮುಗಿದ ಹೊತ್ತಿನಲ್ಲಿ ಕಟ್ಟಿದ ಫ್ಲಾಟುಗಳಿದ್ದವು. ಸದರ್ಕ್ ಕೌನ್ಸಿಲ್‌ಗೆ ಸೇರಿದವು. ಸದ್ದಿನ ನಿಯಮ ಬರುವ ಮೊದಲಿನ ಕಟ್ಟಡ, ಗೋಡೆಯಲ್ಲೂ ನೆಲದಲ್ಲೂ ಸದ್ದು ತಡೆಯುವಂಥದ್ದು ಏನೂ ಇರಲಿಲ್ಲ. ನೆರೆಯವರ ಟಿವಿ, ಮಗುವಿನ ಅಳು, ಅಡುಗೆ ಪಾತ್ರೆ, ಜಗಳ, ಗಂಡ ಹೆಂಡಿರ ಏಕಾಂತ ಎಲ್ಲವೂ ಈಚೆಗೆ ಕೇಳುತ್ತಿತ್ತು. ನೆರೆಯವರು ತಪ್ಪು ಮಾಡಿರಲಿಲ್ಲ, ಬದುಕುತ್ತಿದ್ದರು ಅಷ್ಟೇ. ಗೋಡೆಗೂ ಕಿವಿಯಿದೆ ಎಂಬ ಮಾತು ನಮ್ಮಲ್ಲಿ ಗುಟ್ಟು ಕಾಯಲು ಹೇಳುವ ಎಚ್ಚರಿಕೆ. ಅಲ್ಲಿ ಅದು ದಿನದ ಬಾಳು. ತಾನು ಕೇಳಿಸಿಕೊಳ್ಳುವುದು ಒಂದು ಸಂಕಟ, ತನ್ನದೆಲ್ಲ ಬೇರೆಯವರಿಗೆ ಕೇಳುತ್ತಿದೆ ಎಂಬ ಅರಿವು ಇನ್ನೊಂದು ಸಂಕಟ.

ಬಾಡಿಗೆದಾರರು ಕೌನ್ಸಿಲ್ ಮೇಲೆ ದೂರು ಸಲ್ಲಿಸಿದರು. ಕ್ಯಾಮ್ಡೆನ್ನಿನ ಇನ್ನೊಂದು ಅಂಥದೇ ಪ್ರಕರಣದ ಜೊತೆಗೆ ಅದು ಹೌಸ್ ಆಫ್ ಲಾರ್ಡ್ಸ್ ಮುಟ್ಟಿತು. 1999ರ ಅಕ್ಟೋಬರಿನಲ್ಲಿ ಬಾಡಿಗೆದಾರರು ಸೋತರು. ನ್ಯಾಯಮೂರ್ತಿ ಲಾರ್ಡ್ ಹಾಫ್‌ಮನ್ ಅವರ ಕಷ್ಟವನ್ನು ಒಪ್ಪಿಕೊಂಡೇ, ನೆರೆಯವರ ಸಹಜ ಬದುಕಿನ ಸದ್ದನ್ನು ಕಾನೂನು ಉಪದ್ರವ ಎನ್ನಲಾರದು, ಬಾಡಿಗೆಗೆ ಕೊಟ್ಟವನು ಹಳೆಯ ಮನೆಯನ್ನು ಸುಧಾರಿಸಿಕೊಡಬೇಕೆಂಬ ಕರಾರೂ ಇಲ್ಲ ಎಂದರು. ತೀರ್ಪಿನಲ್ಲಿ ಎರಡು ಅಂಕಿಗಳಿವೆ. ಸದರ್ಕ್‌ನ ಎಲ್ಲ ಹಳೆಯ ಮನೆಗಳನ್ನು ಆಧುನಿಕ ಮಟ್ಟಕ್ಕೆ ತರಲು ಬೇಕಾದದ್ದು 127.1 ಕೋಟಿ ಪೌಂಡ್. ಆ ವರ್ಷ ಇಂಥ ಕೆಲಸಕ್ಕೆ ಕೌನ್ಸಿಲ್ ಕೈಯಲ್ಲಿದ್ದದ್ದು 5.5 ಕೋಟಿಗೂ ಕಡಿಮೆ. ಯಾರ ಮನೆ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದು ಚುನಾಯಿತರ ಕೆಲಸ, ಕೋರ್ಟಿನದಲ್ಲ ಎಂಬುದು ಅವರ ನಿಲುವು.

ಆ ಅಂಕಿಗಳನ್ನು ಓದಿದಾಗ ನನಗೆ ನ್ಯಾಯಮೂರ್ತಿಗಳ ಮೇಲೆ ಸಿಟ್ಟು ಬರುವುದಿಲ್ಲ. ಕಟ್ಟುವಾಗ ಉಳಿಸಿದ ಖರ್ಚು ಎಂಬತ್ತು ವರ್ಷದ ನಂತರ ಎಷ್ಟು ದೊಡ್ಡ ಸಾಲವಾಗಿ ಬೆಳೆದು ನಿಲ್ಲುತ್ತದೆ ಎಂಬುದು ಕಾಣುತ್ತದೆ. ಆ ಎಂಬತ್ತು ವರ್ಷವೂ ಅದರ ಬಡ್ಡಿ ಕಟ್ಟಿದವರು ಒಳಗಿದ್ದವರು.

ನಾಲ್ಕು ವರ್ಷಕ್ಕೆ ನಿಯಮವಂತೂ ಬಿಗಿಯಾಯಿತು. 2003ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಟ್ಟಡ ನಿಯಮ ಕಾಗದದ ನಕ್ಷೆಯನ್ನು ಮಾತ್ರ ನಂಬಲಿಲ್ಲ. ಮನೆ ಕಟ್ಟಿ ಮುಗಿದ ಮೇಲೆ, ಜನ ಒಳಗೆ ಬರುವ ಮೊದಲು, ಹತ್ತರಲ್ಲಿ ಒಂದಕ್ಕಾದರೂ ಸದ್ದಿನ ಪರೀಕ್ಷೆ ಮಾಡಬೇಕು. ಒಂದು ಮನೆಯಲ್ಲಿ ದೊಡ್ಡ ಸ್ಪೀಕರ್ ಇಟ್ಟು ಸದ್ದು ಮಾಡಿ, ಪಕ್ಕದ ಮನೆಯಲ್ಲಿ ಅಳೆಯುತ್ತಾರೆ. ಹೊಸ ಕಟ್ಟಡದಲ್ಲಿ ನಡುವಿನ ಗೋಡೆ ಕನಿಷ್ಠ 45 ಡೆಸಿಬಲ್ ತಡೆದಿರಬೇಕು. ಸಂಗೀತದ ದಪ್ಪ ದನಿಗೂ ಲೆಕ್ಕ ಹಿಡಿಯುವ ಅಳತೆ ಅದು. ನೆಲಕ್ಕೆ ಬಡಿಯುವ ಯಂತ್ರವಿಟ್ಟು ಕೆಳಗಿನ ಮನೆಯಲ್ಲಿ ಸಪ್ಪಳ 62 ಡೆಸಿಬಲ್ ಮೀರಬಾರದು. ಮನೆ ಕಟ್ಟುವ ಕಂಪನಿಗಳು ಗಾಬರಿಗೊಂಡವು: ಮುಗಿದ ಮನೆ ಫೇಲಾದರೆ ಗೋಡೆ ಒಡೆಯುವುದೇ? ಒಪ್ಪಂದವೊಂದು ಆಯಿತು. ಮೊದಲೇ ಹಲವು ಕಡೆ ಕಟ್ಟಿ, ಅಳೆದು, ಪಾಸಾದ ಗೋಡೆ ಮತ್ತು ನೆಲದ ಮಾದರಿಗಳ ಪಟ್ಟಿಯನ್ನು ರೋಬಸ್ಟ್ ಡೀಟೇಲ್ಸ್ ಎಂಬ ಹೆಸರಿನಲ್ಲಿ 2004ರಲ್ಲಿ ಹೊರತಂದರು. ಅದರಂತೆ ಕಟ್ಟಿದರೆ ಪ್ರತಿ ಸೈಟಿನಲ್ಲೂ ಪರೀಕ್ಷೆ ಬೇಡ. ನಿಯಮವನ್ನು ಸಡಿಲಿಸದೆ ಖರ್ಚು ತಗ್ಗಿಸುವ ದಾರಿಯೂ ಇದೆ ಎಂದು ಇದು ತೋರಿಸಿತು. ಒಳ್ಳೆಯ ಗೋಡೆಯನ್ನು ಪ್ರತಿ ಸಲ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಒಮ್ಮೆ ಕಲಿತದ್ದನ್ನು ಎಲ್ಲರಿಗೂ ಹಂಚಿದರೆ ಅದು ಅಗ್ಗವಾಗುತ್ತದೆ.

ಆಮೇಲೆ ಬಂದವರ ಪಾಲು

2018ರಲ್ಲಿ ಇಂಗ್ಲೆಂಡಿನ ಯೋಜನಾ ನೀತಿಯಲ್ಲಿ ಇನ್ನೊಂದು ತತ್ವ ಅಧಿಕೃತವಾಗಿ ಸೇರಿತು. ಈಗಾಗಲೇ ಇರುವ ಸದ್ದಿನ ಪಕ್ಕ, ಅದು ಸಂಗೀತದ ಕ್ಲಬ್ಬಿರಲಿ, ಕಾರ್ಖಾನೆಯಿರಲಿ, ಹೊಸ ಮನೆ ಕಟ್ಟುವವರು ಸದ್ದು ತಡೆಯುವ ಹೊಣೆಯನ್ನು ತಾವೇ ಹೊರಬೇಕು. ಬದಲಾವಣೆ ತಂದವರು ಬದಲಾವಣೆಯ ಖರ್ಚು ಕೊಡಬೇಕು. ಹಳೆಯ ಕ್ಲಬ್ಬುಗಳು ಹೊಸ ಫ್ಲಾಟಿನವರ ದೂರಿನಿಂದ ಮುಚ್ಚಿಹೋಗುತ್ತಿದ್ದ ಕಾಲದಲ್ಲಿ ಇದು ಬೇಕಾಗಿತ್ತು. 1973ರ ಕಾಯ್ದೆಯ ಒಳಗಿದ್ದದ್ದೂ ಇದೇ ತತ್ವ; ಆಗ ಆಮೇಲೆ ಬಂದದ್ದು ರಸ್ತೆ, ಆದ್ದರಿಂದ ರಸ್ತೆ ಕೊಟ್ಟಿತು.

ಸಮಾನರ ನಡುವೆ ಈ ತತ್ವ ನ್ಯಾಯವಾದದ್ದು. ಆದರೆ ಊರಿನಲ್ಲಿ ಯಾವಾಗಲೂ ಆಮೇಲೆ ಬರುವವರು ಬಡವರು. ಒಳ್ಳೆಯ ಜಾಗಗಳೆಲ್ಲ ಮುಗಿದ ಮೇಲೆ ಉಳಿಯುವ ಹಳಿ ಪಕ್ಕದ, ಹೆದ್ದಾರಿ ಪಕ್ಕದ ಸೈಟು ಅವರ ಪಾಲಿಗೆ. ಅಲ್ಲಿ ಜೋಡಿ ಗಾಜು, ಫ್ಯಾನಿನ ಪೆಟ್ಟಿಗೆ, ರಬ್ಬರಿನ ದಿಂಬು ಎಲ್ಲ ಸೇರಿದಾಗ ಅಗ್ಗದ ಜಾಗದಲ್ಲಿ ಉಳಿದ ಹಣ ಅದಕ್ಕೇ ಕರಗುತ್ತದೆ. ಆಗ ಎರಡು ಸಲಹೆ ಕೇಳಿಬರುತ್ತವೆ: ಮನೆಗಳ ಸಂಖ್ಯೆ ಕಡಿಮೆ ಮಾಡಿ, ಇಲ್ಲವೇ ನಿಯಮ ಸಡಿಲಿಸಿ. ಎರಡನೆಯದನ್ನು ಇಂಗ್ಲೆಂಡ್ ಒಮ್ಮೆ ಮಾಡಿಯೂ ನೋಡಿತು. 2013ರಲ್ಲಿ ಹಳೆಯ ಕಚೇರಿಗಳನ್ನು ಪೂರ್ಣ ಯೋಜನಾ ಅನುಮತಿಯಿಲ್ಲದೆ ಮನೆಯಾಗಿಸಲು ಬಿಟ್ಟಾಗ ಸುತ್ತಲಿನ ವ್ಯಾಪಾರದ ಸದ್ದನ್ನು ಪರಿಶೀಲಿಸುವ ಹೊಣೆ ಯಾರಿಗೂ ಇರಲಿಲ್ಲ. ಮೂರು ವರ್ಷಕ್ಕೆ, 2016ರಲ್ಲಿ, ಆ ಪರಿಶೀಲನೆಯನ್ನು ಸೇರಿಸಬೇಕಾಯಿತು.

ಈ ಎರಡರ ಆಚೆಗೊಂದು ದಾರಿಯಿದೆ, ಅದನ್ನು 1973ರ ಕಾಯ್ದೆ ಅರ್ಧ ತೋರಿಸಿತ್ತು. ಅಗ್ಗದ ಮನೆಯ ಸದ್ದಿನ ಖರ್ಚನ್ನು ಆ ಮನೆಯ ಬಾಡಿಗೆಯಿಂದ ಎತ್ತಬೇಡಿ. ರೈಲಿನಿಂದ, ರಸ್ತೆಯಿಂದ ಇಡೀ ಊರಿಗೆ ಲಾಭ ಬರುತ್ತಿರುವಾಗ ಆ ಲಾಭದ ಲೆಕ್ಕದಿಂದಲೇ ಎತ್ತಿ. ಮೊದಲು ಬಂದವರು ಯಾರು ಎಂಬುದಕ್ಕಿಂತ ಸದ್ದು ಯಾರ ಅನುಕೂಲಕ್ಕಾಗಿ ಆಗುತ್ತಿದೆ ಎಂಬ ಪ್ರಶ್ನೆ ಮುಖ್ಯವಾಗಬೇಕು. ಎಂಟು ಗಂಟೆಯ ರೈಲು ಹಿಡಿದು ಹೋಗುವವರೆಲ್ಲರೂ ಹಳಿಯ ಪಕ್ಕ ಮಲಗಿರುವವರಿಗೆ ಅಷ್ಟು ಋಣಿಗಳು.

1993ರಲ್ಲಿ ಅಲೆಕ್ಸಾಂಡ್ರಾ ರಸ್ತೆಗೆ ಸಂರಕ್ಷಿತ ಕಟ್ಟಡದ ಗೌರವ ಬಂತು. ಯುದ್ಧಾನಂತರದ ಕೌನ್ಸಿಲ್ ಬಡಾವಣೆಗಳಲ್ಲಿ ಅದೇ ಮೊದಲನೆಯದು. 2017ರ ಅಕ್ಟೋಬರಿನಲ್ಲಿ ಎಂಬತ್ತೆಂಟರ ನೀವ್ ಬ್ರೌನ್ ಕೈಗೆ ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆಯ ರಾಯಲ್ ಗೋಲ್ಡ್ ಮೆಡಲ್ ಇಟ್ಟರು. ಮೂರು ತಿಂಗಳಿಗೆ, 2018ರ ಜನವರಿಯಲ್ಲಿ, ಅವರು ತೀರಿಕೊಂಡರು. ಯೂಸ್ಟನ್ನಿನ ರೈಲುಗಳು ಈಗಲೂ ಅದೇ ಹಳಿಯ ಮೇಲೆ ಓಡುತ್ತಿವೆ. ಈಚೆ ರೌಲಿ ವೇಯ ಜಗಲಿಗಳಲ್ಲಿ ಬಳ್ಳಿಗಳು ಒಂದು ಮನೆಯಿಂದ ಇನ್ನೊಂದಕ್ಕೆ ಇಳಿದಿವೆ. ಎರಡು ಕೋಟಿ ಪೌಂಡಿನ ಲೆಕ್ಕವನ್ನು ಒಮ್ಮೆ ಬರೆದು, ತನಿಖೆ ಮಾಡಿ, ಮುಚ್ಚಿ ಇಟ್ಟರು. ಆ ರಬ್ಬರಿನ ಮೇಲೆ 520 ಮನೆಗಳ ಬಡಾವಣೆಯ ಎತ್ತರದ ಸಾಲು ಪ್ರತಿ ರಾತ್ರಿ ಮಲಗುತ್ತದೆ.